ನೀಲಿ ಬಣ್ಣವೇ ಇಲ್ಲದ ನೀಲಿ ಹಕ್ಕಿ

ಪಶ್ಚಿಮ ಘಟ್ಟದ ಹಳ್ಳಗಳ ಪಕ್ಕ, ಬಿಸಿಲು ನೆಲಕ್ಕೆ ಇಳಿಯದ ಜಾಗಗಳಲ್ಲಿ ಒಂದು ಪುಟಾಣಿ ಮಿಂಚುಳ್ಳಿ ಇದೆ. ಹಕ್ಕಿ ನೋಡುವ ಹುಚ್ಚಿನವರೆಲ್ಲ ಅದನ್ನು ಓಡಿಕೆಎಫ್ ಅಂತಾರೆ. ಓರಿಯೆಂಟಲ್ ಡ್ವಾರ್ಫ್ ಕಿಂಗ್‌ಫಿಶರ್ ಅಂತ ಪೂರ್ತಿ ಹೇಳಿ ಮುಗಿಸುವಷ್ಟರಲ್ಲಿ ಅದು ಹಾರಿ ಹೋಗಿರುತ್ತದೆ ನೋಡಿ, ಅದಕ್ಕೆ. ಕೊಕ್ಕು ಬಾಲ ಎಲ್ಲ ಸೇರಿಸಿ ಅಳೆದರೂ 13 ಸೆಂಟಿಮೀಟರ್ ಆಸುಪಾಸು. ಹವಳದಂಥ ಕೆಂಪು ಕೊಕ್ಕು, ಹಳದಿ ಹೊಟ್ಟೆ, ನೇರಳೆ ಹೊಳಪಿರುವ ಕಿತ್ತಳೆ ನೆತ್ತಿ, ಕಡುನೀಲಿ ಬೆನ್ನು. ಕಾಲಿಗೆ ಮೂರೇ ಬೆರಳು.

ಮಿಂಚುಳ್ಳಿ ಅಂದ ಮೇಲೆ ಮೀನೇ ತಿನ್ನಬೇಕು ಅಂತ ಬಹಳ ಜನ ತಿಳಿದಿದ್ದಾರೆ. ಇದು ಹಾವುರಾಣಿ, ಹಲ್ಲಿ, ಜೇಡ, ಏಡಿ, ಕಪ್ಪೆ ಏನು ಸಿಕ್ಕರೂ ಹಿಡಿಯುತ್ತದೆ. ಹಿಡಿದ ಹಲ್ಲಿಯನ್ನು ಕೂತ ಕೊಂಬೆಗೆ ಎರಡೂ ಕಡೆ ಬಡಿದು ಬಡಿದು, ಅದು ಅಲ್ಲಾಡುವುದು ನಿಂತ ಮೇಲೆ ತಲೆ ಮುಂದಾಗಿ ನುಂಗುತ್ತದೆ. ಮುಂಗಾರು ಹಿಡಿದ ಮೇಲೆ ಮಣ್ಣಿನ ದಂಡೆಯಲ್ಲಿ ಬಿಲ ಕೊರೆದು ಮೊಟ್ಟೆ ಇಡುತ್ತದೆ. ಆ ಬಿಲದೆದುರು ಕ್ಯಾಮೆರಾ ಹಿಡಿದು ಸಾಲುಗಟ್ಟುವವರ ವಿಷಯ ಬೇಡ, ಅದು ಬೇರೆಯೇ ಜಗಳ.

ನನಗೆ ಹೇಳಬೇಕಿರುವುದು ಆ ಬೆನ್ನಿನ ನೀಲಿಯ ಬಗ್ಗೆ. ನೆರಳಿನಲ್ಲಿ ಕೂತಾಗ ಬೆನ್ನು ಬರೀ ಕಪ್ಪಾಗಿ ಕಾಣುತ್ತದೆ. ಎಲೆಗಳ ಸಂದಿಯಿಂದ ಒಂದು ಚೂರು ಬೆಳಕು ಬಿದ್ದರೆ ಸಾಕು, ನೀಲಿ ಏಳುತ್ತದೆ. ಆದರೆ ಆ ಗರಿಯಲ್ಲಿ ನೀಲಿ ಅನ್ನುವ ಬಣ್ಣದ ಪುಡಿಯೇ ಇಲ್ಲ.

ನಂಬಿಕೆ ಬರದಿದ್ದರೆ, ಲವ್‌ಬರ್ಡ್ಸ್ ಸಾಕಿದವರ ಮನೆಯಿಂದ ಉದುರಿದ ನೀಲಿ ಗರಿ ಒಂದನ್ನು ಕೇಳಿ ತನ್ನಿ. ಕಿಟಕಿಯ ಕಡೆ ಹಿಡಿದು ಅದರ ಮೂಲಕ ಬೆಳಕು ನೋಡಿ: ನೀಲಿ ಹೋಗಿ ಮಂಕು ಕಂದು ಉಳಿಯುತ್ತದೆ. ಕಲ್ಲಿನ ಮೇಲಿಟ್ಟು ನುಣ್ಣಗೆ ಜಜ್ಜಿದರೂ ಅಷ್ಟೇ, ಕಂದುಪುಡಿ. ಅರಿಶಿನ ಎಷ್ಟು ಕುಟ್ಟಿದರೂ ಹಳದಿಯೇ ಅಲ್ವಾ?

2011ರಲ್ಲಿ ನೆದರ್‌ಲ್ಯಾಂಡ್ಸ್‌ನ ವಿಜ್ಞಾನಿ ಡೂಕೆಲೆ ಸ್ಟಾವೆಂಗಾ ಮತ್ತು ಸಂಗಡಿಗರು ನಮ್ಮ ಕೆರೆಗಳಲ್ಲೂ ಕಾಣುವ ಸಾಮಾನ್ಯ ಮಿಂಚುಳ್ಳಿಯ ಗರಿಗಳನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದರು. ಎದೆಯ ಕಿತ್ತಳೆಗೆ ನಿಜವಾದ ಬಣ್ಣದ ಕಣಗಳಿದ್ದವು. ನೀಲಿಯ ಜಾಗದಲ್ಲಿ ಇದ್ದದ್ದು ತೂತುತೂತಾದ ಕೆರಾಟಿನ್. ನಮ್ಮ ಉಗುರಿನಲ್ಲೂ ಇರುವ ಜಾತಿಯ ಪ್ರೋಟೀನ್ ಅದು.

ಆ ತೂತುಗಳ ಅಂತರದಲ್ಲೇ ಎಲ್ಲ ಇರುವುದು. ನೀಲಿ ಬೆಳಕಿನ ಅಲೆಯ ಉದ್ದ ಸುಮಾರು 470 ನ್ಯಾನೊಮೀಟರ್ (ಒಂದು ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಪಾಲು ಒಂದು ನ್ಯಾನೊಮೀಟರ್). ಗರಿಯೊಳಗೆ ಹೊಕ್ಕಾಗ ಅದು ಇನ್ನಷ್ಟು ಕುಗ್ಗುತ್ತದೆ. ತೂತಿನಿಂದ ತೂತಿಗೆ ಇರುವ ದೂರ ಈ ಕುಗ್ಗಿದ ಅಲೆಯ ಅರ್ಧದಷ್ಟು, 200 ನ್ಯಾನೊಮೀಟರಿಗಿಂತ ಕಡಿಮೆ. ಮೇಲಿನ ತೂತಿನಿಂದ ಚದುರಿದ ಅಲೆ ಬೇಗ ವಾಪಸ್ ಬರುತ್ತದೆ. ಅದರ ಕೆಳಗಿನ ತೂತಿನದು ಹೋಗುವಾಗ ಅರ್ಧ, ಬರುವಾಗ ಅರ್ಧ, ಒಟ್ಟು ಒಂದು ಅಲೆಯಷ್ಟು ತಡ. ಹಾಗಾಗಿ ನೀಲಿಗೆ ಮಾತ್ರ ಏರು ಏರಿಗೇ, ತಗ್ಗು ತಗ್ಗಿಗೇ ಕೂಡಿಕೊಂಡು ಬಲ ಬರುತ್ತದೆ. ಕೆಂಪು, ಹಳದಿ ಅಲೆಗಳಿಗೆ ಈ ತಾಳ ಕೂಡುವುದಿಲ್ಲ. ಒಳಗೆ ಇಳಿದ ಆ ಬೆಳಕನ್ನು ಕೆಳಗಿರುವ ಮೆಲನಿನ್ ಅನ್ನುವ ಕಪ್ಪು-ಕಂದು ಬಣ್ಣದ ಪುಡಿ ಹೀರಿಬಿಡುತ್ತದೆ.

ಇಷ್ಟು ನಾಜೂಕಿನ ತೂತುಗಳನ್ನು ಹಕ್ಕಿ ಕೊರೆಯುವುದು ಹೇಗೆ? ಕೊರೆಯುವುದೇ ಇಲ್ಲ. ಬಿಸಿ ಹಾಲಿಗೆ ನಿಂಬೆ ಹಿಂಡಿದರೆ ಗಟ್ಟಿಯೂ ನೀರೂ ತಾವಾಗಿಯೇ ಬೇರೆಯಾಗುತ್ತವಲ್ಲ, ಬೆಳೆಯುತ್ತಿರುವ ಗರಿಯ ಜೀವಕೋಶದಲ್ಲಿ ಕೆರಾಟಿನ್ ಹಾಗೆಯೇ ನೀರಿನಂಶದಿಂದ ಬಿಟ್ಟುಕೊಳ್ಳುತ್ತದೆ ಎನ್ನುವುದು ಅಮೆರಿಕದ ಪಕ್ಷಿವಿಜ್ಞಾನಿ ರಿಚರ್ಡ್ ಪ್ರಮ್ ಮತ್ತು ಜೊತೆಗಾರರ ವಿವರಣೆ. ವ್ಯತ್ಯಾಸ ಇಷ್ಟೇ, ಇಲ್ಲಿ ಒಡೆಯುವುದು ಅರ್ಧದಲ್ಲೇ ನಿಂತು ಗಟ್ಟಿಯಾಗುತ್ತದೆ. ಕೋಶ ಸತ್ತು ಒಣಗಿದಾಗ ನೀರಿದ್ದ ಜಾಗಕ್ಕೆ ಗಾಳಿ ಬರುತ್ತದೆ. ತೂತಿನ ಅಳತೆ ಚೂರು ಆಚೀಚೆ ಆದರೆ ಒಂದು ಕಡೆ ಕಡುನೀಲಿ, ಇನ್ನೊಂದು ಕಡೆ ತಿಳಿನೀಲಿ.

ಆಕಾಶವನ್ನು ನೀಲಿಯಾಗಿಸುವ ಕಾರಣವೇ, ಅಂದರೆ ಸಣ್ಣ ಕಣಗಳು ಒಂದೊಂದೂ ತನ್ನಷ್ಟಕ್ಕೆ ನೀಲಿ ಬೆಳಕನ್ನು ಹೆಚ್ಚು ಚದುರಿಸುವುದೇ, ಗರಿಯ ನೀಲಿಗೂ ಕಾರಣ ಅಂತ ಈಗಲೂ ಬರೆಯುವವರಿದ್ದಾರೆ. ಪ್ರಮ್ ತಂಡ 1998ರಲ್ಲೇ ಅದನ್ನು ತಪ್ಪೆಂದು ತೋರಿಸಿತು. ಅದಕ್ಕೂ ಬಹಳ ಮೊದಲು, 1930ರ ದಶಕದಲ್ಲಿ, ಬೆಂಗಳೂರಿಗೆ ಬಂದು ನೆಲೆಸಿದ್ದ ಸಿ.ವಿ. ರಾಮನ್ ಈ ವಿವರಣೆ ಸಾಲದು ಎಂದಿದ್ದರು. ಬೆಳಕಿನ ಚದುರುವಿಕೆಗೇ ನೊಬೆಲ್ ಪಡೆದವರು ಹಾಗೆ ಹೇಳಿದರೆ ಸುಮ್ನೆ ಅಲ್ಲ. ಅವರು ಪರೀಕ್ಷಿಸಿದ್ದು ನೀಲಕಂಠದ ಗರಿಯನ್ನು. ನಮ್ಮ ರಾಜ್ಯಪಕ್ಷಿ, ಮಿಂಚುಳ್ಳಿಗೆ ದೂರದ ನೆಂಟ.

ಆ ನೀಲಕಂಠದ ಪಾಡು ನೋಡಿ. ದಸರೆಯಂದು ಅದರ ದರ್ಶನವಾದರೆ ಶುಭ ಅನ್ನುವ ನಂಬಿಕೆ ಉತ್ತರ ಭಾರತದಲ್ಲೂ ತೆಲಂಗಾಣದಲ್ಲೂ ಇದೆ. ದುಡ್ಡಿನಾಸೆಗೆ ಹಿಡಿದು, ಕಾಲು ಕಟ್ಟಿ, ರೆಕ್ಕೆ ಕತ್ತರಿಸಿ, ಪಂಜರದಲ್ಲಿಟ್ಟು ತೋರಿಸುತ್ತಾರೆ. ಪುಟ್ಟ ಮಿಂಚುಳ್ಳಿಯದು ತಿರುಗಾಮುರುಗಾ. ಬೋರ್ನಿಯೋದ ದುಸುನ್ ಜನರಲ್ಲಿ ಅದು ಅಪಶಕುನ. ಯುದ್ಧಕ್ಕೆ ಹೊರಟವರು ಕಂಡರೆ ಮನೆಗೆ ಮರಳಬೇಕಿತ್ತಂತೆ. ಎರಡರಲ್ಲಿ ಹಕ್ಕಿಗೆ ವಾಸಿ ಯಾವುದು ಅಂತ ನನ್ನನ್ನು ಕೇಳಿದರೆ, ಅಪಶಕುನವೇ.

ಬಣ್ಣದ ಪುಡಿ ಇಲ್ಲದ್ದರಿಂದ ಈ ನೀಲಿಗೆ ಮಾಸುವ ಚಿಂತೆ ಕಡಿಮೆ. ಸಂಗ್ರಹಾಲಯದ ಹಳೆಯ ಹಕ್ಕಿಗಳಲ್ಲಿ ಕೆಂಪು ಕೊಕ್ಕು ಎಂದೋ ಮಂಕಾಗಿರುತ್ತದೆ, ಬೆನ್ನು ಹಾಗೇ ಹೊಳೆಯುತ್ತದೆ. ಚೀನಾದ ಶ್ರೀಮಂತ ಹೆಂಗಸರು ಮುಡಿಯುತ್ತಿದ್ದ ಒಡವೆಗಳಿಗೆ ಮಿಂಚುಳ್ಳಿ ಜಾತಿಗಳ ಗರಿ ಅಂಟಿಸುತ್ತಿದ್ದದ್ದೂ ಇದಕ್ಕೇ. ಗರಿ ಬರುತ್ತಿದ್ದದ್ದು ಕಾಂಬೋಡಿಯಾದಂಥ ಕಡೆಯಿಂದ. 1296ರಲ್ಲಿ ಅಲ್ಲಿನ ಆಗಿನ ರಾಜಧಾನಿ ಅಂಗ್ಕೋರ್‌ಗೆ ಹೋಗಿದ್ದ ಚೀನೀ ಅಧಿಕಾರಿ ಜೌ ದಗ್ವಾನ್ ಅಲ್ಲಿ ಹಕ್ಕಿ ಹಿಡಿಯುವ ಬಗೆಯನ್ನು ಬರೆದಿಟ್ಟಿದ್ದಾನೆ: ಬೇಟೆಗಾರ ಎಲೆಗಳಲ್ಲಿ ಅಡಗಿ, ಪಂಜರದ ಹೆಣ್ಣು ಹಕ್ಕಿಯನ್ನು ತೋರಿಸಿ ಗಂಡನ್ನು ಕರೆಸುತ್ತಿದ್ದ, ಬಂದದ್ದನ್ನು ಬಲೆಯಲ್ಲಿ ಹಿಡಿಯುತ್ತಿದ್ದ. ಕೆಲವು ದಿನ ಮೂರೋ ಐದೋ ಸಿಗುತ್ತಿದ್ದವು, ಕೆಲವು ದಿನ ಒಂದೂ ಇಲ್ಲ.