ಕೊರಳಪಟ್ಟಿಯ ನಂಬರು

"ಇವು ಎಲ್ಲಿಂದ ಬರ್ತವೆ ಸ್ವಾಮಿ?"

ಶಿರಾ ಕಡೆಯ ಒಂದು ಕೆರೆ ಏರಿ ಮೇಲೆ ಕುರಿ ಕಾಯುತ್ತಿದ್ದ ಅಜ್ಜ ಕೇಳಿದರು. ಜನವರಿ ತಿಂಗಳ ಬೆಳಿಗ್ಗೆ. ಪ್ರತಿ ಜನವರಿಯಲ್ಲೂ ಏಷ್ಯಾದ ಉದ್ದಗಲಕ್ಕೆ ನೀರುಹಕ್ಕಿಗಳ ಗಣತಿ ನಡೆಯುತ್ತದೆ. ನಾನೂ ಎಣಿಸಲು ಬಂದಿದ್ದೆ. ನೀರಿನಂಚಿನ ಗರಿಕೆಯಲ್ಲಿ ಹನ್ನೆರಡು ಹೆಬ್ಬಾತು ಮೇಯುತ್ತಿದ್ದವು. ಬೂದು ಮೈ, ಬಿಳಿ ತಲೆ, ತಲೆಯ ಹಿಂದೆ ಇದ್ದಿಲಲ್ಲಿ ಗೀಚಿದ ಹಾಗೆ ಎರಡು ಕಪ್ಪು ಪಟ್ಟೆ. ಪಟ್ಟೆತಲೆ ಹೆಬ್ಬಾತು ಅನ್ನುವುದು ಅದಕ್ಕೇ.

"ಮಂಗೋಲಿಯಾ, ಟಿಬೆಟ್ ಕಡೆಯಿಂದ" ಅಂದೆ. ಅದು ಗೊತ್ತಾದದ್ದು ಹೇಗೆ ಅನ್ನುವುದು ನನಗೆ ಇನ್ನೂ ಇಷ್ಟದ ಕಥೆ.

ಬೇಸಿಗೆಯಲ್ಲಿ ಹೆಬ್ಬಾತಿನ ರೆಕ್ಕೆಯ ದೊಡ್ಡ ಗರಿಗಳೆಲ್ಲ ಒಟ್ಟಿಗೆ ಉದುರುತ್ತವೆ. ಹೊಸ ಗರಿ ಬರುವ ತನಕ ಕೆಲವು ವಾರ ಹಾರಲಾಗುವುದಿಲ್ಲ. ಮಂಗೋಲಿಯಾದ ಸಂಶೋಧಕರು ಆಗಲೇ ಹಿಡಿದು, ಕೊರಳಿಗೆ ಹಗುರವಾದ ಪ್ಲಾಸ್ಟಿಕ್ ಪಟ್ಟಿ ಹಾಕಿ ಬಿಡುತ್ತಾರೆ. ಕಾಲಿನ ಲೋಹದ ಬಳೆಯನ್ನು ಓದಬೇಕಾದರೆ ಸಾಮಾನ್ಯವಾಗಿ ಹಕ್ಕಿ ಕೈಗೇ ಸಿಗಬೇಕು. ಕೊರಳಪಟ್ಟಿಯ ದೊಡ್ಡ ಅಕ್ಷರಗಳನ್ನಾದರೆ ದಡದಲ್ಲಿ ನಿಂತೇ ದುರ್ಬೀನಿನಲ್ಲಿ ಓದಬಹುದು. ಇಲ್ಲಿ ಯಾರಾದರೂ ಪಟ್ಟಿಯ ಬಣ್ಣ, ನಂಬರು, ದಿನ, ಕೆರೆಯ ಹೆಸರು ಬರೆದು ಕಳಿಸಿದರೆ ತಾನೇ ಅಲ್ಲಿನವರ ಶ್ರಮಕ್ಕೆ ಬೆಲೆ? ಮಂಗೋಲಿಯಾದ ಪಟ್ಟಿ ತೊಟ್ಟ ಹೆಬ್ಬಾತುಗಳು ಮೈಸೂರು ಜಿಲ್ಲೆಯ ಹದಿನಾರು ಅನ್ನುವ ಊರಿನ ಕೆರೆಯಲ್ಲಿ ಕಂಡಿವೆ.

ಹಕ್ಕಿ ಎಲ್ಲಿದೆ ಅಂತ ತಿಳಿಸುವ ಟ್ರಾನ್ಸ್‌ಮಿಟರ್‌ಗಳು ಬಂದ ಮೇಲೆ ದಾರಿಯೂ ತಿಳಿಯಿತು. ಹಿಮಾಲಯ ದಾಟುವಾಗ ಒಂದು ಹಕ್ಕಿ 7,290 ಮೀಟರ್ ಎತ್ತರ ಮುಟ್ಟಿತ್ತು. ಆದರೆ ಸುಮ್ನೆ ಅಷ್ಟು ಮೇಲೆ ಹೋಗುವುದಿಲ್ಲ. ಬೆಟ್ಟ ಬಂದರೆ ಏರುತ್ತವೆ, ಕಣಿವೆ ಬಂದರೆ ಇಳಿಯುತ್ತವೆ. ಇಳಿದು ಮತ್ತೆ ಏರುವುದು ದಂಡ ಅನಿಸುತ್ತದೆ ಅಲ್ವಾ? ಮೇಲೆ ಗಾಳಿ ತೆಳು, ಅಲ್ಲೇ ರೆಕ್ಕೆ ಬಡಿಯುತ್ತಿದ್ದರೆ ಸುಸ್ತು ಇನ್ನೂ ಜಾಸ್ತಿ. ಎದೆಬಡಿತ ಅಳೆದು 2015ರಲ್ಲಿ ವಿಜ್ಞಾನಿಗಳು ಇದನ್ನು ತೋರಿಸಿದರು.

ಇಷ್ಟು ದೂರ ಬರುವ ಹಕ್ಕಿಯನ್ನು ಒಂದೇ ದೇಶ ಕಾಪಾಡಲಾರದು. ಅಲ್ಲಿ ಮರಿ ಮಾಡುವ ಜಾಗ ಉಳಿದು, ಇಲ್ಲಿ ಕೆರೆಯಂಗಳ ಒತ್ತುವರಿಯಾದರೆ ಅವು ಇಳಿಯುವುದೆಲ್ಲಿ? ಗದಗ ಜಿಲ್ಲೆಯ ಮಾಗಡಿ ಕೆರೆಗೆ ಇವು ದೊಡ್ಡ ಹಿಂಡುಗಳಲ್ಲಿ ಬರುತ್ತವೆ. ಅದಕ್ಕೆ ರಾಮ್ಸಾರ್ ಮಾನ್ಯತೆ, ಅಂದರೆ ಜಗತ್ತಿನ ಮುಖ್ಯ ಜೌಗು ನೆಲಗಳ ಪಟ್ಟಿಯಲ್ಲಿ ಜಾಗ, ಸಿಕ್ಕಿದ್ದು 2024ರಲ್ಲಿ ಪ್ರಕಟವಾಯಿತು. ನಮ್ಮ ಕಡೆಯ ಸಣ್ಣ ಕೆರೆಗಳಿಗೆ ಅಂಥ ಹೆಸರಿಲ್ಲ. ಏರಿ ಮೇಲೆ ದಿನಾ ಓಡಾಡುವವರೇ ಅವಕ್ಕೆ ಕಾವಲು.

ಅಜ್ಜ ಎಲ್ಲ ಕೇಳಿಸಿಕೊಂಡು, "ರಾತ್ರಿ ಪೈರಿಗೆ ಇಳೀತವೆ. ಬೆಳಕು ಹರಿಯೋಕೆ ಮುಂಚೆ ಕೆರೆಗೆ ವಾಪಸ್" ಅಂದರು.

ಯಾರ ಹೊಲ, ಎಷ್ಟು ತಿಂದಿವೆ ಅಂತ ಕೇಳಿದೆ. ಕೋಲೆತ್ತಿ ಕೋಡಿಯಾಚೆ ತೋರಿಸಿದರು. ಎಣಿಕೆಯ ಹಾಳೆಯಲ್ಲಿ ಹನ್ನೆರಡರ ಪಕ್ಕ ಅದನ್ನೂ ಬರೆದುಕೊಂಡೆ.