ಟಿಡಿಎಸ್ ಎಷ್ಟು ಅಂತ ಕೇಳುವ ಮೊದಲು: ಹೈಡ್ರೋಪೋನಿಕ್ಸ್ ನೀರಿನ ಟಿಪ್ಪಣಿ

ಹೈಡ್ರೋಪೋನಿಕ್ಸ್, ಅಂದರೆ ಮಣ್ಣಿಲ್ಲದೆ ಗೊಬ್ಬರ ಬೆರೆಸಿದ ನೀರಿನಲ್ಲಿ ಗಿಡ ಬೆಳೆಸುವುದನ್ನು ಕಲಿಯಲು ಶುರು ಮಾಡಿದವರು ಮೊದಲು ಕೇಳುವ ಪ್ರಶ್ನೆ ಹೆಚ್ಚು ಕಡಿಮೆ ಒಂದೇ. "ನಮ್ಮ ಮನೆ ನೀರಿನ ಟಿಡಿಎಸ್ 450 ಇದೆ, ನಡೆಯುತ್ತದಾ?" ಟಿಡಿಎಸ್ ಅಂದರೆ ನೀರಿನಲ್ಲಿ ಒಟ್ಟು ಎಷ್ಟು ಲವಣ ಕರಗಿದೆ ಅನ್ನುವ ಅಂಕಿ. ಈ ಪ್ರಶ್ನೆಗೆ ಹೌದು ಅಂತಲೂ ಹೇಳಲು ಆಗುವುದಿಲ್ಲ, ಇಲ್ಲ ಅಂತಲೂ ಆಗುವುದಿಲ್ಲ. 450 ತೋರಿಸುವ ಒಂದು ನೀರಿನಲ್ಲಿ ಪಾಲಕ್ ಸೊಗಸಾಗಿ ಬರುತ್ತದೆ. ಅಷ್ಟೇ ತೋರಿಸುವ ಇನ್ನೊಂದು ನೀರಿನಲ್ಲಿ ಕೆಲವೇ ವಾರಕ್ಕೆ ಎಲೆಯ ಅಂಚು ಸುಡಲು ಶುರುವಾಗುತ್ತದೆ. ಒಳಗೆ ಕರಗಿರುವುದು ಏನು ಅಂತ ಗೊತ್ತಾಗದೆ ಎಷ್ಟು ಕರಗಿದೆ ಅಂತ ತಿಳಿದು ಪ್ರಯೋಜನ ಕಡಿಮೆ. ಈ ಟಿಪ್ಪಣಿ ಪೂರ್ತಿ ಅದರ ಬಗ್ಗೆಯೇ. ಉದಾಹರಣೆಗಳು ಹೆಚ್ಚಾಗಿ ಬೆಂಗಳೂರಿನವು, ಯಾಕೆಂದರೆ ಇಲ್ಲಿನ ಅಪಾರ್ಟ್‌ಮೆಂಟುಗಳಲ್ಲಿ ಒಂದೇ ಸಂಪಿಗೆ ಕಾವೇರಿ, ಬೋರ್‌ವೆಲ್, ಟ್ಯಾಂಕರ್ ಮೂರೂ ಬಂದು ಬೀಳುತ್ತವೆ, ನಲ್ಲಿ ತಿರುಗಿಸಿದರೆ ಇವತ್ತು ಯಾವುದು ಬರುತ್ತಿದೆ ಅಂತ ಮನೆಯವರಿಗೇ ಗೊತ್ತಿರುವುದಿಲ್ಲ.

ಮೀಟರ್ ಅಳೆಯುವುದೇನು

ಪೆನ್ನಿನ ಹಾಗಿರುವ ಟಿಡಿಎಸ್ ಮೀಟರ್ ಲವಣವನ್ನು ತೂಕ ಹಾಕುವುದಿಲ್ಲ. ನೀರಿನಲ್ಲಿ ಕರೆಂಟ್ ಎಷ್ಟು ಸಲೀಸಾಗಿ ಹರಿಯುತ್ತದೆ ಅಂತ ನೋಡುತ್ತದೆ. ಇದೇ ಇಸಿ, ಅಂದರೆ ವಿದ್ಯುತ್ ವಾಹಕತೆ. ಆಮೇಲೆ ಅದನ್ನು ಒಂದು ಅಂಕಿಯಿಂದ ಗುಣಿಸಿ ಪಿಪಿಎಂ (ಲೀಟರಿಗೆ ಎಷ್ಟು ಮಿಲಿಗ್ರಾಂ) ಅಂತ ತೋರಿಸುತ್ತದೆ. ಆ ಅಂಕಿ ಕೆಲವು ಮೀಟರ್‌ಗಳಲ್ಲಿ 0.5, ಕೆಲವದರಲ್ಲಿ 0.7. ಹಾಗಾಗಿ ಇಸಿ 1.0 ಮಿಲಿಸೀಮನ್ಸ್ ಇರುವ ನೀರು ನಿಮ್ಮ ಮೀಟರ್‌ನಲ್ಲಿ 500, ಪಕ್ಕದ ಮನೆಯವರದರಲ್ಲಿ 700. ಇಬ್ಬರದೂ ಸರಿ! ಯಾವುದೋ ವೀಡಿಯೊ ನೋಡಿ "ಲೆಟ್ಯೂಸ್‌ಗೆ 600 ಪಿಪಿಎಂ" ಅಂತ ಬರೆದುಕೊಂಡರೆ ಅದು ಯಾವ ಲೆಕ್ಕದ 600 ಅಂತ ಗೊತ್ತಾಗುವುದಿಲ್ಲ. ಅದಕ್ಕೇ ಇಸಿಯಲ್ಲೇ ಬರೆದುಕೊಳ್ಳಿ: ಲೆಟ್ಯೂಸ್‌ಗೆ 0.8 ರಿಂದ 1.2, ಪಾಲಕ್‌ಗೆ 1.8 ರಿಂದ 2.3, ಟೊಮೇಟೊಗೆ 2ರ ಮೇಲೆ.

ಈ ಅಂಕಿಗಳು ಗೊಬ್ಬರ ಬೆರೆಸಿದ ಮೇಲಿನವು. ಅಂದರೆ ನೀರು ತನ್ನ ಜೊತೆ ತಂದ ಇಸಿಯೂ ಇದರಲ್ಲೇ ಸೇರುತ್ತದೆ. ಬೋರ್‌ವೆಲ್ ನೀರೇ 1.1 ಇದ್ದರೆ ಲೆಟ್ಯೂಸ್‌ಗೆ ಗೊಬ್ಬರ ಹಾಕಲು ಜಾಗವೇ ಉಳಿಯಲಿಲ್ಲ, ಅಲ್ವಾ? ಏನೂ ಬೆರೆಸದ ನೀರಿನ ಇಸಿ 0.4ರ ಒಳಗಿದ್ದರೆ ಆರಾಮ. 0.4 ರಿಂದ 0.8 ಇದ್ದರೆ ಒಳಗೇನಿದೆ ಅಂತ ವಿಚಾರಿಸಬೇಕು. ಅದಕ್ಕಿಂತ ಜಾಸ್ತಿ ಇದ್ದರೆ ಬೇರೆ ನೀರು ಬೆರೆಸದೆ ಸೊಪ್ಪು ಬೆಳೆಯಲು ಹೋಗುವುದು ಬೇಡ ಅನ್ನುವುದು ನನ್ನ ಲೆಕ್ಕ.

"ಕುಡಿಯಲು ಯೋಗ್ಯ ಅಂದ ಮೇಲೆ ಗಿಡಕ್ಕೂ ಯೋಗ್ಯ ಅಲ್ವಾ" ಅಂತ ಕೆಲವರು ವಾದ ಮಾಡುತ್ತಾರೆ. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500 ಪ್ರಕಾರ ಟಿಡಿಎಸ್ ಲೀಟರಿಗೆ 500 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲ ಅಂದರೆ 2000ದವರೆಗೂ ಒಪ್ಪುತ್ತಾರೆ. ನಮ್ಮ ಮೂತ್ರಪಿಂಡ ಜಾಸ್ತಿಯಾದ ಉಪ್ಪನ್ನು ಹೊರಗೆ ಹಾಕುತ್ತದೆ. ಟಬ್ಬಿನಲ್ಲಿ ನಿಂತ ಗಿಡಕ್ಕೆ ಆ ಸೌಲಭ್ಯ ಇಲ್ಲ.

ಕರಗಿರುವುದರಲ್ಲಿ ಬೇಕಾದದ್ದು, ಬೇಡವಾದದ್ದು

ಕ್ಯಾಲ್ಸಿಯಂ, ಮೆಗ್ನೀಷಿಯಂ ಗಿಡಕ್ಕೆ ಆಹಾರ. ಗಡಸು ನೀರು ಅಂದರೆ ಇವು ಜಾಸ್ತಿ ಇರುವ ನೀರು, ಅದರಲ್ಲಿ ಹೆದರುವಂಥದ್ದು ಅಷ್ಟೇನಿಲ್ಲ, ಗೊಬ್ಬರದಲ್ಲಿ ಅಷ್ಟು ಕಡಿಮೆ ಹಾಕಿದರೆ ಆಯಿತು. ತೊಂದರೆ ಕೊಡುವುದು ಇನ್ನೆರಡು: ಬೈಕಾರ್ಬನೇಟ್ ಮತ್ತು ಸೋಡಿಯಂ. ಇವೆರಡರ ತೊಂದರೆ ಬೇರೆ ಬೇರೆ ರೀತಿಯದು. ಕಲಿಯುವವರು ಗೊಂದಲ ಮಾಡಿಕೊಳ್ಳುವುದೂ ಇಲ್ಲೇ.

ಮೊದಲು ಬೈಕಾರ್ಬನೇಟ್. ನೀರಿನ ಪಿಎಚ್ (ಹುಳಿ, ಕ್ಷಾರದ ಅಳತೆ, 7ರ ಕೆಳಗೆ ಹುಳಿ, ಮೇಲೆ ಕ್ಷಾರ) 7.8 ಇದೆ ಅಂದುಕೊಳ್ಳಿ. ಹೈಡ್ರೋಪೋನಿಕ್ಸ್‌ಗೆ ಬೇಕಾದದ್ದು 5.5 ರಿಂದ 6.5. "ಪಿಎಚ್ ಡೌನ್" ಅಂತ ಮಾರುವ ಆಸಿಡ್ ಎರಡು ಹನಿ ಹಾಕಿ 6ಕ್ಕೆ ತಂದಿರಿ. ಬೆಳಿಗ್ಗೆ ಎದ್ದು ನೋಡಿದರೆ ಮತ್ತೆ 7.4. ಮೀಟರ್ ಕೆಟ್ಟಿದೆ ಅಂತ ಬೈಯಬೇಡಿ. ಪಿಎಚ್ ಅನ್ನುವುದು ಆ ಕ್ಷಣದ ಅಂಕಿ ಮಾತ್ರ. ಅದನ್ನು ಇಳಿಸಲು ಎಷ್ಟು ಆಸಿಡ್ ಬೇಕು ಅಂತ ನಿರ್ಧಾರ ಮಾಡುವುದು ಆಲ್ಕಲಿನಿಟಿ, ಅಂದರೆ ಮುಖ್ಯವಾಗಿ ಬೈಕಾರ್ಬನೇಟ್. ಪಿಎಚ್ 8.2 ಇದ್ದರೂ ಆಲ್ಕಲಿನಿಟಿ 40 ಇರುವ ನೀರು ಒಂದೆರಡು ಹನಿಗೆ ಬಗ್ಗುತ್ತದೆ. ಪಿಎಚ್ 7.4 ಇದ್ದು ಆಲ್ಕಲಿನಿಟಿ 300 ಇರುವ ನೀರು ಮಾತ್ರ ದಿನಾ ಜಗಳ ಆಡುತ್ತದೆ.

ಲೆಕ್ಕ ಹೀಗೆ. ಲ್ಯಾಬ್ ವರದಿಯಲ್ಲಿ ಆಲ್ಕಲಿನಿಟಿಯನ್ನು ಕ್ಯಾಲ್ಸಿಯಂ ಕಾರ್ಬೊನೇಟ್ ಲೆಕ್ಕದಲ್ಲಿ ಕೊಡುತ್ತಾರೆ. ಪ್ರತಿ 50 ಪಿಪಿಎಂ ಅಂದರೆ ಲೀಟರಿಗೆ 61 ಮಿಲಿಗ್ರಾಂ ಬೈಕಾರ್ಬನೇಟ್, ಅದನ್ನು ತಟಸ್ಥ ಮಾಡಲು ಲೀಟರಿಗೆ 1 ಮಿಲಿ ಈಕ್ವಿವಲೆಂಟ್ (ಆಸಿಡ್ ಎಷ್ಟನ್ನು ತಟಸ್ಥ ಮಾಡಬಲ್ಲದು ಅನ್ನುವ ಅಳತೆ) ಆಸಿಡ್ ಬೇಕು. ನಿಮ್ಮ ಬೋರ್‌ವೆಲ್ ನೀರಿನದು 250 ಇದೆ, 50ಕ್ಕೆ ಇಳಿಸಬೇಕು ಅಂದರೆ 4 ಮಿಲಿ ಈಕ್ವಿವಲೆಂಟ್. ಇದನ್ನು ಫಾಸ್ಫಾರಿಕ್ ಆಸಿಡ್‌ನಿಂದ ಮಾಡಿದರೆ ಪ್ರತಿ ಲೀಟರಿಗೆ ಸುಮಾರು 124 ಮಿಲಿಗ್ರಾಂ ರಂಜಕ ಸುಮ್ನೆ ಸೇರಿಬಿಡುತ್ತದೆ. ಗಿಡಕ್ಕೆ ಬೇಕಾದದ್ದು 30 ರಿಂದ 60. ಜಾಸ್ತಿಯಾದ ರಂಜಕ ಕಬ್ಬಿಣ, ಸತುವು ಸಿಗದ ಹಾಗೆ ಮಾಡುತ್ತದೆ. ನೈಟ್ರಿಕ್ ಆಸಿಡ್ ಆದರೆ 56 ಮಿಲಿಗ್ರಾಂ ಸಾರಜನಕ ಸಿಗುತ್ತದೆ, ಅದು ಉಪಯೋಗಕ್ಕೆ ಬರುತ್ತದೆ, ಆದರೆ ಮಕ್ಕಳಿರುವ ಮನೆಯಲ್ಲಿ ಇಡುವ ವಸ್ತು ಅದಲ್ಲ. ನಿಂಬೆರಸ, ವಿನೆಗರ್, ಸಿಟ್ರಿಕ್ ಆಸಿಡ್ ಹಾಕಿದರೆ ಆ ಹೊತ್ತಿಗೆ ಪಿಎಚ್ ಇಳಿಯುತ್ತದೆ, ಆಮೇಲೆ ಬ್ಯಾಕ್ಟೀರಿಯಾಗಳು ಅದನ್ನು ತಿಂದು ಮುಗಿಸುತ್ತವೆ, ಪಿಎಚ್ ಮತ್ತೆ ಏರುತ್ತದೆ, ಬೇರಿನ ಮೇಲೆ ಲೋಳೆ ಬೇರೆ. ಬ್ಯಾಟರಿ ಆಸಿಡ್ ಬಗ್ಗೆ ಯಾರಾದರೂ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡಿ. ಯಾವ ಆಸಿಡ್ ಆದರೂ ನೀರಿಗೆ ಆಸಿಡ್ ಹಾಕಬೇಕು, ಆಸಿಡ್‌ಗೆ ನೀರು ಹಾಕಬಾರದು.

ಹಾಗಾಗಿ ಆಲ್ಕಲಿನಿಟಿ 150 ದಾಟಿದರೆ ಆಸಿಡ್ ಹಿಂದೆ ಬೀಳಬೇಡಿ, ನೀರು ಬೆರೆಸಿ. 300 ಇರುವ ಬೋರ್‌ವೆಲ್ ನೀರು ಒಂದು ಬಕೆಟ್, ಮಳೆ ನೀರು ಅಥವಾ ಆರ್‌ಒ ನೀರು ಎರಡು ಬಕೆಟ್ ಸೇರಿಸಿದರೆ ಸುಮಾರು 100ಕ್ಕೆ ಬರುತ್ತದೆ. ಅಲ್ಲಿಂದ ಪಿಎಚ್ ಡೌನ್ ತನ್ನ ಕೆಲಸ ಮಾಡುತ್ತದೆ.

ಮನೆಯಲ್ಲೇ ಆಲ್ಕಲಿನಿಟಿ ತಿಳಿಯಬೇಕಾದರೆ ಅಕ್ವೇರಿಯಂ ಅಂಗಡಿಯಲ್ಲಿ ಕೆಎಚ್ ಕಿಟ್ ಕೇಳಿ. ಮೀನು ಸಾಕುವವರು ಬಳಸುವುದು. ಬಣ್ಣ ಬದಲಾಗುವವರೆಗೆ ಹನಿ ಎಣಿಸಬೇಕು, ಎಷ್ಟೋ ಕಿಟ್‌ಗಳಲ್ಲಿ ಒಂದು ಹನಿ ಅಂದರೆ ಒಂದು ಡಿಗ್ರಿ, ಒಂದು ಡಿಗ್ರಿ ಅಂದರೆ ಸುಮಾರು 18 ಪಿಪಿಎಂ. ಟಿಡಿಎಸ್ ಮೀಟರ್‌ಗಿಂತ ಇದು ಜಾಸ್ತಿ ಉಪಯೋಗದ ವಸ್ತು ಅಂತ ನನಗನ್ನಿಸುತ್ತದೆ, ಆದರೂ ಯಾಕೋ ಯಾರೂ ಕೊಳ್ಳುವುದಿಲ್ಲ.

ಪಿಎಚ್ ಮೇಲೇ ಇದ್ದರೆ ಗಿಡದಲ್ಲಿ ಕಾಣುವುದು ಹೊಸ ಎಲೆಗಳ ಹಳದಿ, ನರ ಮಾತ್ರ ಹಸಿರು. ಕಬ್ಬಿಣ ನೀರಿನಲ್ಲಿದ್ದರೂ ಬೇರಿಗೆ ಸಿಗುತ್ತಿಲ್ಲ ಅಂತ ಅರ್ಥ. ಕಬ್ಬಿಣ ಕರಗಿದ ಹಾಗೇ ಉಳಿಯಲಿ ಅಂತ ಗೊಬ್ಬರದಲ್ಲಿ ಅದನ್ನು ಇಡಿಟಿಎ ಅಥವಾ ಡಿಟಿಪಿಎ ಅನ್ನುವ ರಾಸಾಯನಿಕಕ್ಕೆ ಕಟ್ಟಿರುತ್ತಾರೆ. ಇಡಿಟಿಎ ರೂಪದ ಕಬ್ಬಿಣ ಪಿಎಚ್ 6.5 ದಾಟಿದರೆ ಕೈಕೊಡುತ್ತದೆ, ಡಿಟಿಪಿಎ 7.5ರ ತನಕ ತಡೆಯುತ್ತದೆ. ಗೊಬ್ಬರದ ಪ್ಯಾಕೆಟ್ ಹಿಂದೆ ಯಾವುದು ಅಂತ ಬರೆದಿರುತ್ತಾರೆ, ಓದಿ ಕೊಳ್ಳಿ.

ಸೋಡಿಯಂ: ಬಂದದ್ದು ಹೋಗುವುದಿಲ್ಲ

ಸೋಡಿಯಂ ಕಥೆ ನಿಧಾನದ್ದು. ನಾವು ಬೆಳೆಯುವ ಹೆಚ್ಚಿನ ಸೊಪ್ಪು ತರಕಾರಿಗೆ ಇದು ಬೇಕಾಗುವುದೇ ಇಲ್ಲ ಅನ್ನಬಹುದು. ಗಿಡ ನೀರು ಕುಡಿಯುತ್ತದೆ, ಸೋಡಿಯಂ ಬಿಟ್ಟುಬಿಡುತ್ತದೆ. 20 ಲೀಟರ್ ಟಬ್ಬಿನಲ್ಲಿ ಲೀಟರಿಗೆ 50 ಮಿಲಿಗ್ರಾಂ ಸೋಡಿಯಂ ಇರುವ ನೀರು ಇದೆ, ಗಿಡಗಳು ವಾರಕ್ಕೆ 10 ಲೀಟರ್ ಕುಡಿಯುತ್ತವೆ, ನೀವು ಅದೇ ನೀರನ್ನು ಮತ್ತೆ ತುಂಬುತ್ತೀರಿ ಅಂತ ಇಟ್ಟುಕೊಳ್ಳಿ. ಎರಡು ವಾರಕ್ಕೆ ಅದು 100 ಹತ್ತಿರ, ನಾಲ್ಕು ವಾರಕ್ಕೆ 150 ಹತ್ತಿರ. ಅಷ್ಟರಲ್ಲಿ ಗಿಡ ತನಗೆ ಬೇಕಾದ ಪೊಟ್ಯಾಸಿಯಂ, ನೈಟ್ರೇಟ್ ತಿಂದಿರುತ್ತದೆ. ಮೀಟರ್ ಮಾತ್ರ ಮೊದಲ ದಿನದ ಹಾಗೇ 1.4 ತೋರಿಸುತ್ತಿರುತ್ತದೆ! ಊಟ ಖಾಲಿಯಾಗಿ ಉಪ್ಪು ತುಂಬಿದೆ, ಅಂಕಿ ಬದಲಾಗಿಲ್ಲ. ಟಿಡಿಎಸ್ ನಂಬಬೇಡಿ ಅಂತ ಹೇಳುವುದು ಇದಕ್ಕೇ.

ನೀರು ಸೇರಿಸದೆ ಒಂದೇ ಡಬ್ಬದಲ್ಲಿ ಬೆಳೆಯುವ ಕ್ರಾಟ್ಕಿ ವಿಧಾನದಲ್ಲೂ ಇದು ತಪ್ಪುವುದಿಲ್ಲ. 4 ಲೀಟರ್ ಇದ್ದದ್ದು 1 ಲೀಟರ್‌ಗೆ ಇಳಿದಾಗ ಸೋಡಿಯಂ ನಾಲ್ಕು ಪಟ್ಟು ಗಟ್ಟಿಯಾಗಿರುತ್ತದೆ. ಮಣ್ಣಿನ ಕುಂಡದಲ್ಲಿ ತಿಂಗಳಿಗೊಮ್ಮೆ ಚೆನ್ನಾಗಿ ನೀರು ಹರಿಸಿ ಉಪ್ಪನ್ನು ಕೆಳಗಿನ ತೂತಿನಿಂದ ತೊಳೆದುಬಿಡಬಹುದು. ಹೈಡ್ರೋಪೋನಿಕ್ಸ್‌ನಲ್ಲಿ ಇರುವ ದಾರಿ ಎರಡೇ: ಕಡಿಮೆ ಸೋಡಿಯಂ ನೀರಿನಿಂದ ಶುರು ಮಾಡುವುದು, ಎರಡು ವಾರಕ್ಕೊಮ್ಮೆ ಟ್ಯಾಂಕ್ ಪೂರ್ತಿ ಬದಲಿಸುವುದು.

ಸಾಫ್ಟ್‌ನರ್ ನೀರು ಬೇಡ ಅನ್ನುವುದಕ್ಕೂ ಕಾರಣ ಇದೇ. ಸಾಫ್ಟ್‌ನರ್ ಕ್ಯಾಲ್ಸಿಯಂ, ಮೆಗ್ನೀಷಿಯಂ ಹಿಡಿದುಕೊಂಡು ಅದರ ಬದಲು ಸೋಡಿಯಂ ಬಿಡುತ್ತದೆ. ಅದಕ್ಕೇ ಅದಕ್ಕೆ ಆಗಾಗ ಉಪ್ಪು ಸುರಿಯುವುದು. ಸೋಪು ನೊರೆ ಬರುತ್ತದೆ, ಗೀಸರ್ ಉಳಿಯುತ್ತದೆ, ಟಿಡಿಎಸ್ ಮಾತ್ರ ಅಲ್ಲಾಡುವುದಿಲ್ಲ, ಬೈಕಾರ್ಬನೇಟ್ ಕೂಡ ಹಾಗೇ ಇರುತ್ತದೆ. ಗಿಡದ ಲೆಕ್ಕದಲ್ಲಿ ಒಳ್ಳೆಯದು ತೆಗೆದು ಕೆಟ್ಟದ್ದು ಹಾಕಿದ ಹಾಗಾಯಿತು. ಅಪಾರ್ಟ್‌ಮೆಂಟಿಗೇ ದೊಡ್ಡ ಸಾಫ್ಟ್‌ನರ್ ಇದ್ದರೆ, ಅದಕ್ಕಿಂತ ಮುಂಚಿನ ಲೈನ್ ಎಲ್ಲಿ ಸಿಗುತ್ತದೆ ಅಂತ ಮೇಂಟೆನೆನ್ಸ್‌ನವರನ್ನು ಕೇಳಿ. ಕೆಲವು ಕಡೆ ಕೆಳಗಿನ ತೋಟದ ನಲ್ಲಿಗೆ ಆ ನೀರು ಬರುತ್ತದೆ.

ಸಿಗುವ ನೀರುಗಳು

ಕಾವೇರಿ ನೀರು ಸಿಗುವವರು ಪುಣ್ಯವಂತರು. ನದಿ ನೀರು, ತೊರೆಕಾಡನಹಳ್ಳಿಯಲ್ಲಿ ಶುದ್ಧವಾಗಿ ಬರುತ್ತದೆ, ಲವಣ ಬೋರ್‌ವೆಲ್‌ಗಿಂತ ಸಾಮಾನ್ಯವಾಗಿ ಕಡಿಮೆ. ಕ್ಲೋರಿನ್ ಇರುತ್ತದೆ, ಬಾಯಗಲ ಇರುವ ಬಕೆಟ್‌ನಲ್ಲಿ ಒಂದು ರಾತ್ರಿ ಬಿಟ್ಟರೆ ಅಥವಾ ಏರ್ ಪಂಪ್ ಹಾಕಿದರೆ ಹೊರಟುಹೋಗುತ್ತದೆ. ಅಮೆರಿಕದಲ್ಲಿರುವ ನಮ್ಮವರಿಗೆ ಒಂದು ಮಾತು: ಅಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಂಥ ಎಷ್ಟೋ ಊರುಗಳಲ್ಲಿ ಕ್ಲೋರಿನ್ ಬದಲು ಕ್ಲೋರಮೈನ್ ಹಾಕುತ್ತಾರೆ. ಅದು ರಾತ್ರಿ ಇಟ್ಟರೆ ಹೋಗುವುದಿಲ್ಲ, ಚಿಟಿಕೆ ವಿಟಮಿನ್ ಸಿ ಪುಡಿ ಬೇಕು ಅಥವಾ ಒಳ್ಳೆಯ ಕಾರ್ಬನ್ ಫಿಲ್ಟರ್ ಬೇಕು.

ಬೋರ್‌ವೆಲ್ ನೀರು ಬಂಡೆಯ ಬಿರುಕುಗಳಲ್ಲಿ ವರ್ಷಗಟ್ಟಲೆ ನಿಂತು ಬರುವಂಥದ್ದು, ಆದ್ದರಿಂದ ಕ್ಯಾಲ್ಸಿಯಂ ಜೊತೆ ಬೈಕಾರ್ಬನೇಟ್ ಗ್ಯಾರಂಟಿ. ಕೋಲಾರ, ಚಿಕ್ಕಬಳ್ಳಾಪುರದ ಕಡೆ ಫ್ಲೋರೈಡ್ ಕೂಡ ಸೇರುತ್ತದೆ. ಮನೆಯೊಳಗಿನ ಸ್ಪೈಡರ್ ಪ್ಲಾಂಟ್, ಡ್ರಸೀನಾ ಗಿಡಗಳ ಎಲೆ ತುದಿ ಕಂದಾಗುವುದಕ್ಕೆ ಫ್ಲೋರೈಡ್ ಒಂದು ಗೊತ್ತಿರುವ ಕಾರಣ. ಮನಿ ಪ್ಲಾಂಟ್‌ಗೆ ಇದ್ಯಾವುದರ ಚಿಂತೆಯೂ ಇಲ್ಲ, ಅದು ಯಾವ ನೀರಿನಲ್ಲೂ ಬದುಕುತ್ತದೆ. ಕರಾವಳಿಯವರ ಸಮಸ್ಯೆ ಉಲ್ಟಾ. ಅಲ್ಲಿ ಜಂಬಿಟ್ಟಿಗೆ ನೆಲದ ಬಾವಿ ನೀರಿನಲ್ಲಿ ಲವಣವೂ ಕಡಿಮೆ, ಪಿಎಚ್ ಕೂಡ ಎಷ್ಟೋ ಕಡೆ 7ರ ಕೆಳಗೆ. ಹೈಡ್ರೋಪೋನಿಕ್ಸ್‌ಗೆ ಹೇಳಿ ಮಾಡಿಸಿದ ನೀರು, ಬೇಸಿಗೆಯಲ್ಲಿ ಸಮುದ್ರದ ಉಪ್ಪು ನುಗ್ಗುವ ಬಾವಿಗಳನ್ನು ಬಿಟ್ಟರೆ.

ಆರ್‌ಒ ನೀರು ಬೇಕಾದ ಹಾಗೆ ತಿದ್ದಬಹುದಾದ ಖಾಲಿ ನೀರು. ಮನೆಯ ಫಿಲ್ಟರ್‌ನಲ್ಲಿ ಟಿಡಿಎಸ್ ಹೊಂದಿಸುವ ತಿರುಪು ಇದ್ದರೆ ಅದು ಸ್ವಲ್ಪ ಆರ್‌ಒ ಆಗದ ನೀರನ್ನೂ ಬೆರೆಸುತ್ತಿರುತ್ತದೆ, ಅಳೆದು ನೋಡಿ. ಆರ್‌ಒ ನೀರಿನಲ್ಲಿ ಬೈಕಾರ್ಬನೇಟ್ ಇಲ್ಲದ ಕಾರಣ ಪಿಎಚ್ ಒಂದು ಹನಿಗೇ ಧಡಕ್ಕನೆ ಬೀಳುತ್ತದೆ, ಹನಿ ಹನಿಯಾಗಿ ಹಾಕಿ. ಕ್ಯಾಲ್ಸಿಯಂ, ಮೆಗ್ನೀಷಿಯಂ ನೀವೇ ಕೊಡಬೇಕು. ಲೀಟರಿಗೆ 0.2 ಗ್ರಾಂ ಕ್ಯಾಲ್ಸಿಯಂ ನೈಟ್ರೇಟ್ ಹಾಕಿದರೆ ಸುಮಾರು 38 ಮಿಲಿಗ್ರಾಂ ಕ್ಯಾಲ್ಸಿಯಂ, 0.2 ಗ್ರಾಂ ಎಪ್ಸಮ್ ಸಾಲ್ಟ್ ಹಾಕಿದರೆ ಸುಮಾರು 20 ಮಿಲಿಗ್ರಾಂ ಮೆಗ್ನೀಷಿಯಂ ಸಿಗುತ್ತದೆ. ಎರಡನ್ನೂ ಗಟ್ಟಿಯಾಗಿ ಒಂದೇ ಲೋಟದಲ್ಲಿ ಕರಗಿಸಬೇಡಿ, ಜಿಪ್ಸಮ್ ಆಗಿ ಬಿಳಿ ಕೆಸರು ಕೂರುತ್ತದೆ. ಎ, ಬಿ ಅಂತ ಗೊಬ್ಬರವನ್ನು ಎರಡು ಬಾಟಲಿ ಮಾಡಿ ಮಾರುವುದೂ ಇದಕ್ಕೇ. ಆರ್‌ಒ ಹೊರಗೆ ಬಿಡುವ ವೇಸ್ಟ್ ನೀರು ಹೈಡ್ರೋಪೋನಿಕ್ಸ್‌ಗೆ ಬೇಡ. ಒಂದು ಪಾಲು ಶುದ್ಧ ನೀರಿಗೆ ಮೂರು ಪಾಲು ವೇಸ್ಟ್ ಬರುತ್ತಿದ್ದರೆ 600 ಇದ್ದ ನೀರು ಸುಮಾರು 800 ಆಗಿ ಹೊರಬರುತ್ತದೆ. ಅದರಲ್ಲಿ ನೆಲ ಒರೆಸಿ.

ಮಳೆ ನೀರು ನನ್ನ ಮೊದಲ ಆಯ್ಕೆ. 1000 ಚದರಡಿ ತಾರಸಿಯ ಮೇಲೆ 10 ಮಿಲಿಮೀಟರ್ ಮಳೆ ಬಿದ್ದರೆ 900 ಲೀಟರಿಗೂ ಜಾಸ್ತಿ ಲೆಕ್ಕ, ಸೋರಿಹೋದದ್ದು ಬಿಟ್ಟರೂ ಟಬ್ಬುಗಳಿಗೆ ಧಾರಾಳ. ಮೊದಲ ಮಳೆಯಲ್ಲಿ ತಾರಸಿ ತೊಳೆದು ಹೋಗಲಿ, ಆಮೇಲೆ ಹಿಡಿಯಿರಿ, ಬೆಳಕು ಬೀಳದ, ಸೊಳ್ಳೆ ಹೋಗದ ಡ್ರಮ್ಮಿನಲ್ಲಿ ಇಡಿ. ಎಸಿ ನೀರಿನಲ್ಲೂ ಲವಣ ಇಲ್ಲ, ಆದರೆ ತಾಮ್ರದ ಕೊಳವೆ, ಅಲ್ಯೂಮಿನಿಯಂ ರೆಕ್ಕೆಗಳನ್ನು ಸವರಿಕೊಂಡು ಧೂಳಿನ ಜೊತೆ ಬರುತ್ತದೆ. ಕುಂಡದ ಅಲಂಕಾರದ ಗಿಡಕ್ಕೆ ಹಾಕಿ, ತಿನ್ನುವ ಸೊಪ್ಪಿಗೆ ಬೇಡ.

ನೀರಿನ ಬಿಸಿಯನ್ನೂ ಮರೆಯಬೇಡಿ. ಏಪ್ರಿಲ್ ಮಧ್ಯಾಹ್ನ ಓವರ್‌ಹೆಡ್ ಟ್ಯಾಂಕಿನಿಂದ ನೇರ ಹಿಡಿದ ನೀರು ಕೈಗೇ ಬೆಚ್ಚಗಿರುತ್ತದೆ. 20 ಡಿಗ್ರಿ ನೀರಿನಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಕರಗಬಲ್ಲದು, 30ಕ್ಕೆ ಏಳೂವರೆ. ಬೇರು ಕೊಳೆಸುವ ಪಿಥಿಯಂಗೆ ಇಂಥ ಬೆಚ್ಚಗಿನ, ಉಸಿರು ಕಡಿಮೆಯಾದ ನೀರೇ ಇಷ್ಟ. ಬೆಳಿಗ್ಗೆ ಹಿಡಿದು ನೆರಳಿನಲ್ಲಿಡಿ.

ಲ್ಯಾಬಿಗೆ ಕೊಡುವುದಾದರೆ

ಒಮ್ಮೆಯಾದರೂ ಪರೀಕ್ಷೆ ಮಾಡಿಸಿ. ಕೃಷಿ ವಿಶ್ವವಿದ್ಯಾಲಯಗಳಲ್ಲಿ, ಎಷ್ಟೋ ಕೃಷಿ ವಿಜ್ಞಾನ ಕೇಂದ್ರಗಳಲ್ಲಿ ನೀರು ನೋಡುತ್ತಾರೆ. ಕುಡಿಯುವ ನೀರಿನ ಪರೀಕ್ಷೆ ಅಂತ ಕೇಳಬೇಡಿ, ನೀರಾವರಿ ನೀರಿನ ಪರೀಕ್ಷೆ ಅಂತ ಕೇಳಿ, ಆಗ ಸೋಡಿಯಂ ಮತ್ತು ಬೈಕಾರ್ಬನೇಟ್ ಬೇರೆ ಬೇರೆಯಾಗಿ ಬರುತ್ತವೆ. ಸೋಡಿಯಂ ಲೀಟರಿಗೆ 50 ಮಿಲಿಗ್ರಾಂ ಒಳಗಿದ್ದರೆ ಚೆನ್ನ. ವರದಿಯಲ್ಲಿ ಆರ್‌ಎಸ್‌ಸಿ ಅಂತ ಒಂದು ಸಾಲು ಇರುತ್ತದೆ, ಕ್ಯಾಲ್ಸಿಯಂ ಮೆಗ್ನೀಷಿಯಂ ಸೇರಿದ್ದಕ್ಕಿಂತ ಬೈಕಾರ್ಬನೇಟ್ ಎಷ್ಟು ಮಿಕ್ಕಿದೆ ಅನ್ನುವ ಲೆಕ್ಕ ಅದು. 1.25ರ ಕೆಳಗಿದ್ದರೆ ಹೊಲಕ್ಕೆ ಸುರಕ್ಷಿತ, 2.5 ದಾಟಿದರೆ ಹೊಲಕ್ಕೇ ಆಗುವುದಿಲ್ಲ, ಇನ್ನು ಟಬ್ಬಿಗಂತೂ ದೂರದ ಮಾತು.

ಬಾಟಲಿಯನ್ನು ಅದೇ ನೀರಿನಲ್ಲಿ ಮೂರು ಸಲ ತೊಳೆದು, ಮೋಟಾರ್ ಸ್ವಲ್ಪ ಹೊತ್ತು ಓಡಿದ ಮೇಲೆ, ಒಳಗೆ ಗಾಳಿ ಉಳಿಯದ ಹಾಗೆ ಮುಚ್ಚಳದವರೆಗೆ ತುಂಬಿ. ಆದಷ್ಟು ಅವತ್ತೇ ಕೊಟ್ಟುಬಿಡಿ, ಇಟ್ಟಷ್ಟೂ ಕಾರ್ಬನ್ ಡೈಆಕ್ಸೈಡ್ ಹೋಗಿ ಪಿಎಚ್ ಬದಲಾಗುತ್ತದೆ. ಸಂಪಿಗೆ ಮೂರು ಕಡೆಯ ನೀರು ಬೀಳುತ್ತಿದ್ದರೆ ಬೋರ್‌ವೆಲ್ಲಿನದೇ ಒಂದು ಬಾಟಲಿ ಬೇರೆ ಕೊಡಿ, ಟ್ಯಾಂಕರ್ ನೀರಿಗೆ ಮಾತ್ರ ವರದಿ ಮಾಡಿಸಿ ಪ್ರಯೋಜನವಿಲ್ಲ, ಅದು ಬಂದಾಗಲೆಲ್ಲ ಕೆಎಚ್ ಕಿಟ್ ಹನಿ ಎಣಿಸಬೇಕು.