ಗಡಿಕಲ್ಲು ಒಡೆದ ಜಗಳ: ಲಗಾಶ್ ಮತ್ತು ಉಮ್ಮಾದ ಯುದ್ಧಗಳು

ಇವತ್ತಿನ ದಕ್ಷಿಣ ಇರಾಕಿನಲ್ಲಿ ಸುಮಾರು ನಾಲ್ಕೂವರೆ ಸಾವಿರ ವರ್ಷಗಳ ಹಿಂದೆ ಲಗಾಶ್ ಮತ್ತು ಉಮ್ಮಾ ಎಂಬ ಎರಡು ಸುಮೇರಿಯನ್ ರಾಜ್ಯಗಳಿದ್ದವು. ನಡುವೆ ಗುಎದೆನ ಎಂಬ ಫಲವತ್ತಾದ ಬಯಲು. ಅದಕ್ಕಾಗಿ ಅವು ತಲೆಮಾರುಗಳ ಕಾಲ ಹೊಡೆದಾಡಿದವು. ಕಾರಣ, ಕದನ, ಒಪ್ಪಂದ ಎಲ್ಲವೂ ಬರಹದಲ್ಲಿ ಉಳಿದಿರುವ ಅತಿ ಹಳೆಯ ಗಡಿಯುದ್ಧಗಳಲ್ಲಿ ಇದೂ ಒಂದು.

ಅಲ್ಲಿ ಮಳೆ ತೀರಾ ಕಡಿಮೆ. ಬಾರ್ಲಿ ಬೆಳೆಯಬೇಕಾದರೆ ಕಾಲುವೆ ನೀರೇ ಗತಿ. ಮೇಲ್ಗಡೆ ಇದ್ದ ಉಮ್ಮಾ ನೀರು ತಿರುಗಿಸಿಕೊಂಡರೆ ಕೆಳಗಿನ ಲಗಾಶ್‌ನ ಹೊಲಗಳಿಗೆ ಕುತ್ತು. ಕ್ರಿ.ಪೂ. 2550ರ ಸುಮಾರಿಗೆ ಕಿಶ್ ನಗರದ ರಾಜ ಮೆಸಿಲಿಮ್ ಮಧ್ಯಸ್ಥಿಕೆ ವಹಿಸಿ ಗಡಿ ಅಳೆದು ಕಲ್ಲು ನೆಡಿಸಿದ. ಮುಂದೆ ಉಮ್ಮಾದ ದೊರೆ ಉಷ್ ಆ ಕಲ್ಲನ್ನು ಒಡೆದು ಬಯಲಿಗೆ ನುಗ್ಗಿದ.

ಲಗಾಶ್‌ನ ದೊರೆ ಎಯನ್ನಾತುಮ್ ಕ್ರಿ.ಪೂ. 2450ರ ಸುಮಾರಿಗೆ ಉಮ್ಮಾವನ್ನು ಸೋಲಿಸಿದ. ಆ ಗೆಲುವಿಗೆ ಕೆತ್ತಿಸಿದ ಕಲ್ಲೇ ಈಗ ಪ್ಯಾರಿಸ್‌ನ ಲೂವ್ರ್ ಸಂಗ್ರಹಾಲಯದಲ್ಲಿರುವ ‘ರಣಹದ್ದುಗಳ ಶಿಲೆ’. ಸಿಕ್ಕಿರುವುದು ಚೂರುಗಳು ಮಾತ್ರ. ಆದರೂ ಆ ಕಾಲದ ಸೈನ್ಯವನ್ನು ಇಷ್ಟು ಸ್ಪಷ್ಟವಾಗಿ ತೋರಿಸುವ ವಸ್ತುಗಳು ಬಹಳ ಅಪರೂಪ. ಹೆಲ್ಮೆಟ್ ತೊಟ್ಟ ಸೈನಿಕರು ಒತ್ತೊತ್ತಾಗಿ ನಿಂತಿದ್ದಾರೆ. ಮುಂದೆ ದೊಡ್ಡ ಗುರಾಣಿಗಳ ಗೋಡೆ, ಅದರ ಸಂದುಗಳಿಂದ ಸಾಲುಸಾಲಾಗಿ ಚಾಚಿದ ಈಟಿಗಳು. ಕಾಲ ಕೆಳಗೆ ಶತ್ರುಗಳ ಹೆಣ. ಒಂದು ಚೂರಿನಲ್ಲಿ ಹದ್ದುಗಳು ಸತ್ತವರ ತಲೆಗಳನ್ನು ಕಚ್ಚಿಕೊಂಡು ಹಾರುತ್ತಿವೆ. ಹೀಗೆ ಸಾಲು ಒಡೆಯದೆ ಮುನ್ನುಗ್ಗುವುದು ಸುಮ್ನೆ ಬರುವ ವಿದ್ಯೆಯಲ್ಲ. ಜೊತೆಯಾಗಿ ಅಭ್ಯಾಸ ಮಾಡಿದವರಿಗೆ ಮಾತ್ರ ಸಾಧ್ಯ. ಗ್ರೀಕರ ಈಟಿಪಡೆಗಳಿಗಿಂತ ಇದು ಸಾವಿರದೈನೂರಕ್ಕೂ ಹೆಚ್ಚು ವರ್ಷ ಹಳೆಯದು ಎಂಬುದನ್ನು ನೆನಪಿಡಬೇಕು.

ರಥಗಳೂ ಇದ್ದವು, ಆದರೆ ಕುದುರೆಗಳಿರಲಿಲ್ಲ. ಉರ್ ನಗರದ ರಾಜಸಮಾಧಿಗಳಲ್ಲಿ ಸಿಕ್ಕ ಚಿತ್ರಫಲಕದಲ್ಲಿ ನಾಲ್ಕು ಗಟ್ಟಿ ಮರದ ಗಾಲಿಗಳ ಬಂಡಿಗಳು ಬಿದ್ದವರ ಮೇಲೆ ಹರಿಯುತ್ತಿವೆ. ಅಂಥ ಬಂಡಿಗಳಿಗೆ ಕುಂಗ ಎಂಬ ಮಿಶ್ರತಳಿ ಪ್ರಾಣಿಯನ್ನು ಕಟ್ಟುತ್ತಿದ್ದರು ಎಂದು ವಿದ್ವಾಂಸರು ಭಾವಿಸುತ್ತಾರೆ. ಅದು ಹೆಣ್ಣು ಕತ್ತೆಗೂ ಸಿರಿಯಾದ ಕಾಡುಕತ್ತೆಗೂ ಹುಟ್ಟಿದ್ದು ಎಂದು 2022ರ ಡಿಎನ್ಎ ಅಧ್ಯಯನ ತೋರಿಸಿತು.

ಗೆದ್ದ ಎಯನ್ನಾತುಮ್ ಉಮ್ಮಾದ ದೊರೆಯಿಂದ ದೇವರುಗಳ ಬಲೆಯ ಮೇಲೆ ಆಣೆ ಮಾಡಿಸಿದ. ಕಣ್ಣಿಗೆ ಕಾಡಿಗೆ ಹಚ್ಚಿದ ಪಾರಿವಾಳಗಳನ್ನು ದೇವರಿಗೆ ಅರ್ಪಿಸಿದ. ಗುಎದೆನದ ಒಂದು ಭಾಗವನ್ನು ಉಮ್ಮಾದವರು ಉಳಬಹುದು, ಆದರೆ ಅದಕ್ಕೆ ಬಾರ್ಲಿ ಕೊಡಬೇಕು. ಕೊಡದಿದ್ದರೆ ಅದು ಬಡ್ಡಿಸಾಲ. ಮುಂದಿನ ಯುದ್ಧದ ಬೀಜ ಈ ಷರತ್ತಿನಲ್ಲೇ ಇತ್ತು ಎಂದು ನನಗನಿಸುತ್ತದೆ. ಬಡ್ಡಿ ಬೆಳೆದು ಬೆಳೆದು ಯಾವ ನಗರವೂ ತೀರಿಸಲಾಗದಷ್ಟಾಯಿತು. ಉಮ್ಮಾದ ಮುಂದಿನ ದೊರೆ ಉರ್‌ಲುಮ್ಮ ಸಾಲ ಕಟ್ಟಲಿಲ್ಲ. ಗಡಿ ಕಾಲುವೆಯ ನೀರು ತಿರುಗಿಸಿದ, ಕಲ್ಲುಗಳಿಗೆ ಬೆಂಕಿ ಹಚ್ಚಿಸಿ ಒಡೆಸಿದ, ಹೊರನಾಡಿನವರನ್ನು ಕೂಲಿಗೆ ಕರೆತಂದ. ಕ್ರಿ.ಪೂ. 2400ರ ಸುಮಾರಿಗೆ ಲಗಾಶ್‌ನ ಎನ್ಮೆತೆನ ಅವನನ್ನು ಸೋಲಿಸಿದ. ಉರ್‌ಲುಮ್ಮ 60 ಜೋಡಿ ಕತ್ತೆಗಳನ್ನು ಕಾಲುವೆ ದಡದಲ್ಲೇ ಬಿಟ್ಟು ಓಡಿದ ಎಂದು ಎನ್ಮೆತೆನನ ಮಣ್ಣಿನ ಶಂಕುವಿನ ಬರಹ ಹೇಳುತ್ತದೆ.

ನಮಗೆ ಸಿಕ್ಕಿರುವ ಬರಹಗಳಲ್ಲಿ ಹೆಚ್ಚಿನವು ಲಗಾಶ್ ಕಡೆಯವು. ಹಾಗಾಗಿ ತಪ್ಪೆಲ್ಲ ಉಮ್ಮಾದ್ದೇ ಎಂದು ಒಪ್ಪಿಕೊಳ್ಳುವುದು ಸರಿಯಲ್ಲ, ಅಲ್ವಾ?

ಕ್ರಿ.ಪೂ. 2350ರ ಸುಮಾರಿಗೆ ಉಮ್ಮಾದ ಲುಗಲ್‌ಜಗೆಸಿ ಲಗಾಶ್‌ನ ಗುಡಿಗಳನ್ನು ಸುಟ್ಟು ಬೆಳ್ಳಿ, ರತ್ನ ದೋಚಿದ. ಹೊಲದ ಬಾರ್ಲಿಯನ್ನೂ ಕಿತ್ತುಕೊಂಡ. ಮುಂದೆ ಉತ್ತರದ ಅಕ್ಕಾಡ್ ನಗರದ ರಾಜ ಸಾರ್ಗೋನ್ ಅವನನ್ನೇ ಸೆರೆಹಿಡಿದು, ಕೊರಳಿಗೆ ಬೇಡಿ ತೊಡಿಸಿ ನಿಪ್ಪುರ್‌ನ ಗುಡಿಯ ಬಾಗಿಲಿಗೆ ಎಳೆತಂದ. ತನ್ನ ಮುಂದೆ ದಿನವೂ 5,400 ಜನ ಊಟ ಮಾಡುತ್ತಾರೆ ಎಂದು ಸಾರ್ಗೋನ್ ಬರೆಸಿದ. ಅವರನ್ನು ಹಲವು ಇತಿಹಾಸಕಾರರು ಅರಮನೆಯ ಅನ್ನದಲ್ಲೇ ಬದುಕುವ ಕಾಯಂ ಸೈನ್ಯವೆಂದು ನೋಡುತ್ತಾರೆ. ಆ ಹೊತ್ತಿಗೆ ಗುಎದೆನದ ಗಡಿಕಲ್ಲುಗಳ ಎರಡೂ ಬದಿ ಒಬ್ಬನೇ ರಾಜನ ಕೈಯಲ್ಲಿದ್ದವು.